ನೂರೈವತ್ತು ಪದಗಳ ಅರ್ಜಿ

ಹೊಲಿಗೆ ಟೀಚರಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಶಾಲೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಅವರಿಗೆ ಕೋಪ ಬರುತ್ತಿದ್ದದ್ದು ಎರಡೇ ವಿಷಯಕ್ಕೆ: ಒಂದು ಸಡಿಲ ಹೊಲಿಗೆಗೆ, ಇನ್ನೊಂದು "ನಿಮ್ಮದೇನು ಬಿಡಿ, ಆರಾಮಿನ ಪೀರಿಯಡ್ಡು" ಎನ್ನುವವರಿಗೆ. ಶಾಲೆಗೆ ಬರುವ ಮುಂಚೆ ಹನ್ನೊಂದು ವರ್ಷ ಬಟ್ಟೆ ಕಾರ್ಖಾನೆಯೊಂದರಲ್ಲಿ ಬರೀ ಕಾಲರ್ ಹೊಲಿದವರು ಅವರು. ಎದುರಿಗೆ ಕೂತವರ ತೋಳಿನ ಅಂಚನ್ನು ಮಾತಿನ ನಡುವೆಯೇ ಮಗುಚಿ ನೋಡಿ, "ಇದನ್ನ ಹೊಲಿದೋರು ಯಾರು? ಎರಡು ಸಲ ಒಗೆದರೆ ಬಿಟ್ಟುಕೊಳ್ಳತ್ತೆ" ಎಂದು ಹೇಳದಿದ್ದರೆ ಅವರಿಗೆ ಸಮಾಧಾನವಿಲ್ಲ. ಹಾಜರಿ ಪುಸ್ತಕದಲ್ಲಿ ಹದಿನಾರು ವರ್ಷದಿಂದ ಅವರ ಹೆಸರು ಆಟದ ಮೇಷ್ಟ್ರ ಕೆಳಗೆ, ಗಂಟೆ ಹೊಡೆಯುವವರ ಮೇಲೆ.

ಶಾಲೆಯ ದೊಡ್ಡ ಹಾಲ್ ಹಿಂದೊಮ್ಮೆ ಗೋದಾಮಾಗಿತ್ತು. ಆಳೆತ್ತರದ ಹಲಗೆಯ ತಡಿಕೆಗಳನ್ನು ನಿಲ್ಲಿಸಿ ಅದನ್ನೇ ನಾಲ್ಕು ತರಗತಿ ಮಾಡಿದ್ದರು. ಮೇಲೆ ತಗಡಿನ ಚಾವಣಿ. ತಡಿಕೆ ಮಕ್ಕಳನ್ನು ತಡೆಯುತ್ತಿತ್ತೇ ಹೊರತು ಸದ್ದನ್ನಲ್ಲ. ಐದನೇ ತರಗತಿಯ ಮಗ್ಗಿ ತಗಡಿಗೆ ಬಡಿದು ಆರನೇ ತರಗತಿಯ ತಲೆಯ ಮೇಲೆ ಬೀಳುತ್ತಿತ್ತು. ಏಳನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು "ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ?" ಎಂದರೆ, ಪಕ್ಕದಲ್ಲಿ ಚರಿತ್ರೆ ಓದುತ್ತಿದ್ದ ಎಂಟನೆಯವರು ಒಕ್ಕೊರಲಿನಿಂದ "ನೂರು" ಎನ್ನುತ್ತಿದ್ದರು. ಹೊರಗಿನಿಂದ ಬಂದವರಿಗೆ ಇದು ತಮಾಷೆ. ಒಳಗಿದ್ದವರು ಸಂಜೆಯ ಹೊತ್ತಿಗೆ ತಲೆನೋವಿನ ಮಾತ್ರೆ ಹುಡುಕುತ್ತಿದ್ದರು.

ಆರನೇ ತರಗತಿಯ ಮೊದಲ ಬೆಂಚಿನಲ್ಲಿ ಗಡಿಯಾರ ರಿಪೇರಿಯವರ ಮಗಳು ಕೂರುತ್ತಿದ್ದಳು. ಅವಳಿಗೆ ಒಂದು ಕಿವಿ ಹುಟ್ಟಿನಿಂದಲೇ ಮಂದ. ಸುತ್ತ ಸದ್ದಿಲ್ಲದಿದ್ದರೆ ಇನ್ನೊಂದು ಕಿವಿಯಲ್ಲೇ ಎಲ್ಲ ನಿಭಾಯಿಸುತ್ತಿದ್ದಳು. ಹೊಲಿಗೆ ಕೋಣೆಯಲ್ಲಿ ಟೀಚರ್ ಬೆನ್ನು ತಿರುಗಿಸಿ ಮೆಲ್ಲಗೆ ಹೇಳಿದ್ದೂ ಅವಳಿಗೆ ತಿಳಿಯುತ್ತಿತ್ತು. ಹಾಲಿಗೆ ಹೋದರೆ ಮಾತ್ರ ನಾಲ್ಕು ತರಗತಿಯ ಮಾತೆಲ್ಲ ಒಂದಾಗಿ ಬರೀ ಗುಂಯ್ ಎನ್ನುತ್ತಿತ್ತು. ಎರಡು ವರ್ಷದಿಂದ ಅವಳು ಆ ಹಾಲಿನಲ್ಲಿ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಒಂದು ದಿನ ಅವಳಪ್ಪ ಹೆಡ್ ಮೇಡಂ ಕೋಣೆಗೆ ಬಂದರು. ಹೊಲಿಗೆ ಟೀಚರ್ ಅಲ್ಲೇ ಕಿಟಕಿಯ ಪರದೆಗೆ ಅಳತೆ ಹಿಡಿಯುತ್ತಿದ್ದರು.

"ಈ ವರ್ಷ ಮುಗಿದ ಮೇಲೆ ಬಿಡಿಸಿಬಿಡ್ತೀನಿ ಮೇಡಂ. ಸುಮ್ಮನೆ ಕೂತು ಎದ್ದು ಬರ್ತಾಳೆ. ಅಂಗಡೀಲಿ ನನ್ನ ಪಕ್ಕ ಕೂತರೆ ಕೈಕೆಲಸನಾದ್ರೂ ಬರತ್ತೆ."

ಆ ಮನುಷ್ಯ ಕೆಟ್ಟವರಲ್ಲ. ಹೊಲಿಗೆ ಟೀಚರ್ ಅಳತೆ ಮರೆತು ಪರದೆಯನ್ನು ನಾಲ್ಕು ಇಂಚು ಗಿಡ್ಡ ಕತ್ತರಿಸಿದರು. ಹದಿನಾರು ವರ್ಷದಲ್ಲಿ ಹಾಗೆ ಆದದ್ದು ಅದೇ ಮೊದಲು.

ಅದಾದ ಎರಡು ವಾರಕ್ಕೆ ಇನ್ನೊಂದು ಸಂಗತಿ ನಡೆಯಿತು. ಆಸ್ಪತ್ರೆಗೆ ಕೊಡಲೆಂದು ಮಕ್ಕಳು ಚಿಂದಿ ಬಟ್ಟೆ ತುಂಬಿ ಇಪ್ಪತ್ತೆರಡು ದಪ್ಪ ಹೊದಿಕೆ ಹೊಲಿದಿದ್ದರು. ಒಗೆದು ಹಾಕಿದ ದಿನ ಮೋಡ. ಒಣಗಿಸಲು ಜಾಗವಿಲ್ಲದೆ ಟೀಚರ್ ಎಲ್ಲವನ್ನೂ ಆರನೇ ತರಗತಿಯ ಸುತ್ತಲಿನ ತಡಿಕೆಗಳ ಮೇಲೂ, ಚಾವಣಿಯ ಕಂಬಿಗಳಿಗೆ ಕಟ್ಟಿದ ಹಗ್ಗದ ಮೇಲೂ ಹರವಿದರು. ಮಧ್ಯಾಹ್ನ ಗಣಿತದ ಟೀಚರ್ ಓಡಿಬಂದರು.

"ಏನ್ರೀ ಮಾಡಿದ್ರಿ? ಕ್ಲಾಸಿನ ಗದ್ದಲ ತಣ್ಣಗಾಗಿಬಿಟ್ಟಿದೆ. ಆ ಗಡಿಯಾರದವರ ಮಗಳು ಕೈ ಎತ್ತಿದಳು. ಎದ್ದು ನಿಂತು ಪ್ರಶ್ನೆ ಕೇಳಿದಳು ಕಣ್ರೀ."

ಮೂರನೆಯ ದಿನ ಹೊದಿಕೆಗಳು ಆಸ್ಪತ್ರೆಗೆ ಹೋದವು. ಗದ್ದಲ ವಾಪಸು ಬಂತು, ಹುಡುಗಿಯ ಕೈ ಮತ್ತೆ ಮೇಲೇಳಲಿಲ್ಲ. ಆದರೆ ಹೊಲಿಗೆ ಟೀಚರ ತಲೆಯೊಳಗೆ ಹೊಕ್ಕ ಹುಳು ಹೊರಗೆ ಹೋಗಲಿಲ್ಲ. ದರ್ಜಿಗಳ ಅಂಗಡಿಯಲ್ಲಿ ಬಿಸಾಡುವ ಚಿಂದಿ, ಮರದ ಚೌಕಟ್ಟು, ದಪ್ಪ ಬಟ್ಟೆ. ನೂರಾ ಅರವತ್ತು ಮೆತ್ತೆ ಮಾಡಿ ತಡಿಕೆಗೂ ಚಾವಣಿಗೂ ತೂಗುಹಾಕಿದರೆ ಇಡೀ ಹಾಲಿನ ಗದ್ದಲ ತಣ್ಣಗಾಗುತ್ತದೆ. ಹೊಲಿಯುವವರು ಮಕ್ಕಳೇ. ಯಾವ ಬಟ್ಟೆ ಎಷ್ಟು ಸದ್ದು ನುಂಗುತ್ತದೆ ಎಂದು ಅಳೆದು ಬರೆಯುವವರೂ ಮಕ್ಕಳೇ. ಮನೆಯಲ್ಲಿ ಗಂಡ, "ರಾತ್ರಿ ನಿದ್ದೇಲೂ ಮೆತ್ತೆ ಎಣಿಸ್ತಿದ್ದೀಯಲ್ಲೇ" ಎಂದು ನಕ್ಕರು. ಅದೂ ಸುಳ್ಳಲ್ಲ.

ಹೆಡ್ ಮೇಡಂ ಎಲ್ಲಿಂದಲೋ ಒಂದು ಪ್ರಕಟಣೆ ತಂದು ಮುಂದಿಟ್ಟರು. ಶಾಲೆಗಳ ಹೊಸ ಪ್ರಯೋಗಗಳಿಗೆ ಪ್ರತಿಷ್ಠಾನವೊಂದು ಧನಸಹಾಯ ಕೊಡುತ್ತದೆ. ಅರ್ಜಿ ಕಂಪ್ಯೂಟರಿನಲ್ಲೇ ತುಂಬಬೇಕು. ಕೊನೆಯ ದಿನ ಶುಕ್ರವಾರ, ಸಂಜೆ ಐದು ಗಂಟೆ. ರಜಾ ಚೀಟಿಗಿಂತ ಉದ್ದದ್ದೇನನ್ನೂ ಬರೆಯದ ಹೊಲಿಗೆ ಟೀಚರ್ ಮೂರು ದಿನ ಕೂತು ಬರೆದರು. ಬರೆದದ್ದನ್ನು ಓದಿ ಅವರಿಗೇ ರೋಮಾಂಚನವಾಯಿತು.

ಶುಕ್ರವಾರ ಮೂರು ಗಂಟೆಗೆ ಅದನ್ನು ಕಂಪ್ಯೂಟರಿಗೆ ಇಳಿಸಿದಾಗ ಅರ್ಜಿಯಲ್ಲಿ ಉತ್ತರ ಬರೆಯುವ ಪೆಟ್ಟಿಗೆ ಕೆಂಪಗಾಯಿತು. ನೂರೈವತ್ತು ಪದ ಮೀರಬಾರದು. ಇವರದು ಇನ್ನೂರ ಹನ್ನೆರಡು.

"ಅರವತ್ತೆರಡು ಪದ ಎಲ್ಲಿಂದ ಕಿತ್ತು ಹಾಕಲಿ? ಒಂದು ದಾರ ಎಳೆದರೆ ಎಲ್ಲಾ ಬಿಚ್ಚಿಕೊಳ್ಳತ್ತೆ" ಎಂದು ಅವರು ತಲೆಯ ಮೇಲೆ ಕೈಹೊತ್ತು ಕೂತರು.

ಆಗ ಪಕ್ಕದ ಮೇಜಿನಿಂದ ಎದ್ದು ಬಂದವರು ವ್ಯಾಕರಣ ಮೇಷ್ಟ್ರು. ನಿವೃತ್ತಿಗೆ ಎಂಟು ತಿಂಗಳು ಬಾಕಿ. ಮೂವತ್ತು ವರ್ಷದಿಂದ ಪ್ರತಿ ತಂಡದ ಮಕ್ಕಳೂ "ಸಂಧಿ ಕಲಿತು ಏನುಪಯೋಗ ಸಾರ್?" ಎಂದು ಕೇಳುತ್ತಲೇ ಬಂದಿದ್ದರು, ಅವರ ಹತ್ತಿರ ಉತ್ತರ ಇರಲಿಲ್ಲ. ಅವರು ಕನ್ನಡಕ ಹಣೆಗೇರಿಸಿ ಪರದೆಯನ್ನು ಹತ್ತಿರದಿಂದ ನೋಡಿದರು. ಮುಖದಲ್ಲಿ ನಿಧಾನವಾಗಿ ತುಂಟತನ ಹರಡಿತು.

"ಟೀಚರ್, ಈ ಯಂತ್ರಕ್ಕೆ ಪದ ಅಂದರೆ ಏನು ಅಂತಲೇ ಗೊತ್ತಿಲ್ಲ. ಮಧ್ಯೆ ಜಾಗ ಇದ್ದರೆ ಎರಡು, ಇಲ್ಲದಿದ್ದರೆ ಒಂದು. ಅಷ್ಟೇ ಅದರ ವಿದ್ಯೆ. ಸ್ವಲ್ಪ ಸರೀರಿ."

ಮೇಷ್ಟ್ರು ಕೂತರು. "ಗದ್ದಲ ಇರುವುದರಿಂದ" ಎಂಬುದು "ಗದ್ದಲವಿರುವುದರಿಂದ" ಆಯಿತು. "ಆಗಮ, ಒಂದು ಉಳಿತಾಯ" ಎಂದರು. "ತಡಿಕೆಗೆ ಒಂದೊಂದರಂತೆ" ಎಂಬುದು "ತಡಿಕೆಗೊಂದೊಂದರಂತೆ" ಆಯಿತು. "ಲೋಪ, ಇನ್ನೊಂದು." "ನೇತು ಹಾಕಬೇಕು ಎಂದು ಇದ್ದೇವೆ" ಎಂಬ ನಾಲ್ಕು ಪದ ಒಟ್ಟಾಗಿ "ನೇತುಹಾಕಬೇಕೆಂದಿದ್ದೇವೆ" ಆದಾಗ ಹೊಲಿಗೆ ಟೀಚರ್ ಚಪ್ಪಾಳೆ ಹೊಡೆದೇಬಿಟ್ಟರು. ಜೋಡಿಸುವ ಕೆಲಸ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹತ್ತೇ ನಿಮಿಷದಲ್ಲಿ ಅವರೇ ಮೇಷ್ಟ್ರ ಹೆಗಲ ಮೇಲಿಂದ ಬೆರಳು ಚಾಚಿ, "ಇಲ್ಲಿ ಸೇರಿಸಿ, ಅಲ್ಲಿ ಸೇರಿಸಿ, ಅದೂ ಸೇರತ್ತೆ ನೋಡಿ" ಎನ್ನತೊಡಗಿದರು. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಸುತ್ತ ಮುತ್ತಿಕೊಂಡರು. ನೂರೆಂಬತ್ತು. ನೂರ ಅರವತ್ತೈದು. ಒಂದು ಪದವಂತೂ ಪೆಟ್ಟಿಗೆಯ ಈ ಅಂಚಿನಿಂದ ಆ ಅಂಚಿನವರೆಗೆ ಕಾಲು ಚಾಚಿ ಮಲಗಿತ್ತು, ಓದುವವರ ಉಸಿರು ಅರ್ಧದಲ್ಲೇ ಮುಗಿಯುತ್ತಿತ್ತು.

ನಾಲ್ಕೂ ಐವತ್ತಕ್ಕೆ ನೂರೈವತ್ತೊಂದಕ್ಕೆ ಬಂದು ನಿಂತಿತು. ಜಪ್ಪಯ್ಯ ಎಂದರೂ ಮುಂದೆ ಕದಲಲಿಲ್ಲ.

ಕೊನೆಯ ಸಾಲು ಹೀಗಿತ್ತು: "ಅಂದು ಮೊದಲಸಲ ಅವಳು ಪ್ರಶ್ನೆ ಕೇಳಿದಳು."

"ಪ್ರಶ್ನೆ ತೆಗೀರಿ ಮೇಷ್ಟ್ರೇ. ಕೇಳಿದಳು ಅಂದರೆ ಪ್ರಶ್ನೆ ಕೇಳಿದಳು ಅಂತಲೇ ತಾನೆ?" ಎಂದರು ಹೊಲಿಗೆ ಟೀಚರ್.

"ಹೌದಲ್ಲ" ಎಂದರು ಮೇಷ್ಟ್ರು. ಸಂಧಿಯ ಅಮಲಿನಲ್ಲಿ ಅವರಿಗೆ ಅರ್ಥದ ಕಡೆ ಗಮನವೇ ಇರಲಿಲ್ಲ. ಪೆಟ್ಟಿಗೆ ಹಸಿರಾಯಿತು, ಅರ್ಜಿ ಹೋಯಿತು. ಮೇಷ್ಟ್ರು ಅಂದು ಮನೆಗೆ ಹೋಗುವಾಗ ಶಿಳ್ಳೆ ಹಾಕಿದ್ದನ್ನು ಗಂಟೆ ಹೊಡೆಯುವವರು ಕಿವಿಯಾರೆ ಕೇಳಿದ್ದಾರೆ.

ಮೂರು ವಾರದ ಮೇಲೆ ಶಾಲೆಗೆ ಫೋನು ಬಂತು. ಪ್ರತಿಷ್ಠಾನದಿಂದ ಒಬ್ಬ ಹೆಂಗಸು ಮಾತಾಡಿದರು.

"ನಿಮ್ಮ ಅರ್ಜಿ ಓದೋಕೆ ನಮಗೆ ನಾಲ್ಕು ದಿನ ಬೇಕಾಯ್ತು. ಅದಿರಲಿ. ಕೊನೇಲಿ 'ಅವಳು ಕೇಳಿದಳು' ಅಂತ ಬರೆದಿದ್ದೀರಿ. ಅದರ ಮೇಲೆ ಇಲ್ಲಿ ಜಗಳ ಹತ್ತಿದೆ. ಕಿವಿಯಿಂದ ಕೇಳಿದ್ದೋ, ಬಾಯಿಂದ ಕೇಳಿದ್ದೋ?"

ಹೊಲಿಗೆ ಟೀಚರ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಫೋನಿನಲ್ಲಿ ವಿವರಣೆ ಮುಂದುವರಿಯಿತು. ಬರೀ ಕಿವಿಗೆ ಬಿದ್ದದ್ದಾದರೆ ಅದು ಕಟ್ಟಡ ರಿಪೇರಿಯ ಕೆಲಸ, ಹಾಗಂತ ಅವರ ಸಹೋದ್ಯೋಗಿಯೊಬ್ಬರ ಪಟ್ಟು. ಎದ್ದು ಪ್ರಶ್ನೆ ಕೇಳಿದ್ದಾದರೆ ಅದು ಕಲಿಕೆ, ಹಣ ಇರುವುದೇ ಅದಕ್ಕೆ.

"ಎರಡೂ" ಎಂದರು ಹೊಲಿಗೆ ಟೀಚರ್.

"ಎರಡೂ ಅಂದರೆ?"

"ಬಂದು ನೋಡಿ" ಎಂಬ ಮಾತು ಬಾಯಿಂದ ಜಾರಿಬಿಟ್ಟಿತು. ಮಂಗಳವಾರ ಹನ್ನೊಂದಕ್ಕೆ ಬರುತ್ತೇವೆ ಎಂದು ಆ ಕಡೆ ಫೋನು ಇಟ್ಟರು.

"ಬಂದು ನೋಡಿ ಅಂತ ಯಾರನ್ನ ಕೇಳಿ ಹೇಳಿದ್ರಿ?" ಎಂದರು ಹೆಡ್ ಮೇಡಂ. "ನೋಡೋಕೆ ಇಲ್ಲೇನಿದೆ? ಹೊದಿಕೆ ಎಲ್ಲಾ ಆಸ್ಪತ್ರೇಲಿ."

"ಯಾರನ್ನೂ ಕೇಳಲಿಲ್ಲ ಮೇಡಂ. ಈಗ ಎಲ್ಲರನ್ನೂ ಕೇಳ್ತೀನಿ."

ಕೇಳಿದರು ಕೂಡ. ನಾಲ್ಕು ದಿನ ಅವರ ಕಾಲಿಗೆ ಚಕ್ರ ಕಟ್ಟಿದಂತಿತ್ತು. ಪ್ರತಿ ಮಗುವೂ ಮನೆಯಿಂದ ಒಂದು ಕಂಬಳಿಯನ್ನೋ ಹಳೆಯ ಹಾಸಿಗೆಯನ್ನೋ ಹೊತ್ತು ತಂದಿತು. ಹೊಲಿಗೆ ಟೀಚರ್ ಪ್ರತಿಯೊಂದಕ್ಕೂ ಕುಣಿಕೆ ಹೊಲಿದರು. ವ್ಯಾಕರಣ ಮೇಷ್ಟ್ರು ಪ್ರಾಯಶ್ಚಿತ್ತವೆಂಬಂತೆ ಕೂತು ಸೂಜಿಗೆ ದಾರ ಪೋಣಿಸಿದರು. ಗಡಿಯಾರ ರಿಪೇರಿಯವರೂ ಒಂದು ದಪ್ಪ ರಗ್ಗು ತಂದರು. "ಮೇಲೆ ಕಟ್ಟೋಕೆ ಎತ್ತರದೋರು ಬೇಕು, ನಿಂತ್ಕೊಳ್ಳಿ" ಎಂದು ಟೀಚರ್ ಅವರನ್ನು ಏಣಿ ಹತ್ತಿಸಿದರು.

ಸೋಮವಾರ ಸಂಜೆ ಗಣಿತದ ಟೀಚರ್ ಮೆಲ್ಲಗೆ ಒಂದು ಉಪಾಯ ಹೇಳಿದರು. "ಹುಡುಗಿಗೆ ಒಂದು ಪ್ರಶ್ನೆ ಬಾಯಿಪಾಠ ಮಾಡಿಸಿಬಿಡೋಣ. ಕಣ್ಣು ಹೊಡೆದ ತಕ್ಷಣ ಎದ್ದು ಕೇಳಲಿ."

ಹೊಲಿಗೆ ಟೀಚರಿಗೆ ಕೋಪ ನೆತ್ತಿಗೇರಿತು. "ಬಾಯಿಪಾಠ ಮಾಡಿಸೋದಾದ್ರೆ ಈ ಕಂಬಳಿ ಯಾಕೆ ಬೇಕಿತ್ತು? ಅವಳಿಗೆ ಯಾರೂ ಏನೂ ಹೇಳಕೂಡದು. ಕೇಳಿದರೆ ಕೇಳಲಿ, ಇಲ್ಲದಿದ್ದರೆ ನನ್ನ ಹಣೆಬರಹ."

ಮಂಗಳವಾರ ಇಬ್ಬರು ಬಂದರು. ಫೋನು ಮಾಡಿದ್ದ ಹೆಂಗಸು, ಮತ್ತು ಕಟ್ಟಡ ರಿಪೇರಿ ಎಂದು ಪಟ್ಟು ಹಿಡಿದಿದ್ದ ಕನ್ನಡಕದವರು. ಹಾಲಿನೊಳಗೆ ಕಾಲಿಟ್ಟವರು ಅಲ್ಲೇ ನಿಂತರು. ಕೆಂಪು, ನೀಲಿ, ಚೌಕಳಿ, ಹೂವಿನ ಕಂಬಳಿಗಳು ತಡಿಕೆ ಕಾಣದಂತೆ ಇಳಿಬಿದ್ದಿದ್ದವು, ತಲೆಯ ಮೇಲೂ ತೂಗುತ್ತಿದ್ದವು. ನಾಲ್ಕೂ ತರಗತಿ ನಡೆಯುತ್ತಿತ್ತು. ಆದರೂ ಹಾಲಿನಲ್ಲಿ ಸೀಮೆಸುಣ್ಣದ ಸದ್ದು ಕೇಳುತ್ತಿತ್ತು. ಹೊಲಿಗೆ ಟೀಚರ್ ಬಾಗಿಲ ಬಳಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಜನ್ಮದಲ್ಲಿ ಇಷ್ಟು ಸಂತೋಷವೂ ಇಷ್ಟು ಭಯವೂ ಅವರಿಗೆ ಒಟ್ಟಿಗೆ ಆಗಿರಲಿಲ್ಲ.

ಅತಿಥಿಗಳಿಗೆ ಆರನೇ ತರಗತಿಯ ಮೊದಲ ಬೆಂಚಿನ ಪಕ್ಕದಲ್ಲೇ ಕುರ್ಚಿ ಹಾಕಿದ್ದರು, ಬೇರೆಲ್ಲೂ ಜಾಗವಿರಲಿಲ್ಲ. ಗಣಿತದ ಪಾಠ ಶುರುವಾಯಿತು. ಐದು ನಿಮಿಷ. ಹತ್ತು ನಿಮಿಷ. ಗಡಿಯಾರದವರ ಮಗಳು ಬರೆದುಕೊಳ್ಳುತ್ತಿದ್ದಳು, ಕೈ ಎತ್ತಲಿಲ್ಲ. ಇಪ್ಪತ್ತು ನಿಮಿಷ ಕಳೆಯಿತು. ಹಿಂದಿನ ಬೆಂಚಿನ ಮೂವರು ಕೇಳಿದರು, ಇವಳು ಮಾತ್ರ ಇಲ್ಲ. ಹೊಲಿಗೆ ಟೀಚರ್ ಸೆರಗನ್ನು ಬೆರಳಿಗೆ ಇನ್ನೊಂದು ಸುತ್ತು ಸುತ್ತಿದರು. ತಡಿಕೆಯಾಚೆ ಸಡಿಲವಾದ ಹಗ್ಗವೊಂದನ್ನು ಬಿಗಿಯುತ್ತಿದ್ದ ಅವಳಪ್ಪನೂ ಕೆಲಸ ನಿಲ್ಲಿಸಿ ಏಣಿಯ ಮೇಲಿಂದ ಮಗಳನ್ನೇ ನೋಡುತ್ತಿದ್ದರು.

ಕನ್ನಡಕದವರು ಪಕ್ಕದ ಹೆಂಗಸಿನ ಕಡೆ ವಾಲಿ, ಯಾರಿಗೂ ಕೇಳಬಾರದೆಂದು ದನಿ ತಗ್ಗಿಸಿದರು. "ಚೆನ್ನಾಗೇನೋ ಇದೆ. ಅರ್ಧ ಹಾಲಿಗೆ ಕೊಟ್ಟರೆ ಸಾಕಾಗಲ್ವಾ?"

ಮೊದಲ ಬೆಂಚಿನಲ್ಲಿ ಪೆನ್ಸಿಲ್ ಓಡುವುದು ನಿಂತಿತು. ಹುಡುಗಿ ತಲೆಯೆತ್ತಿದಳು. ಆಮೇಲೆ ಕೈಯೆತ್ತಿದಳು. ಆಮೇಲೆ ಯಾರೂ ಹೇಳದಿದ್ದರೂ ಎದ್ದು ನಿಂತಳು.

"ಅರ್ಧಕ್ಕೆ ಮಾತ್ರ ಕಟ್ಟಿದರೆ, ಆ ಕಡೆ ಸದ್ದು ತಗಡಿಗೆ ಬಡಿದು ಈ ಕಡೆ ಬರಲ್ವಾ ಸಾರ್?"

ಕನ್ನಡಕದವರು ಬಾಯಿ ತೆರೆದವರು ಹಾಗೇ ಉಳಿದರು. ಗಣಿತದ ಟೀಚರ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿನ ಮೇಲೆಯೇ ನಿಂತಿತ್ತು. ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದು ಹುಡುಗಿ ಸ್ವರ ಎತ್ತರಿಸಿದಳು.

"ಕೇಳಿಸಲಿಲ್ವಾ ಸಾರ್? ಇನ್ನೊಂದು ಸಲ ಹೇಳ್ಲಾ?"

"ಕೇಳಿಸ್ತಮ್ಮಾ, ಚೆನ್ನಾಗಿ ಕೇಳಿಸ್ತು" ಎಂದರು ಅವರು. ಪಕ್ಕದ ಹೆಂಗಸು ಆಗಲೇ ಚೀಲದಿಂದ ಪೆನ್ನು ತೆಗೆಯುತ್ತಿದ್ದರು. "ಪೂರ್ತಿ ಹಾಲಿಗೇ ಬರ್ಕೊಳ್ಳಿ" ಎಂದು ಕನ್ನಡಕದವರೇ ಹೇಳಿದರು, ಈ ಸಲ ದನಿ ತಗ್ಗಿಸದೆ.

ಹೊಲಿಗೆ ಟೀಚರ್ ಅಳಲಿಲ್ಲ, ಆಮೇಲೆ ಯಾರು ಏನೇ ಹೇಳಲಿ. ತಡಿಕೆಗೆ ಒರಗಿ ನಿಂತು ಮೂಗು ಒರೆಸಿಕೊಂಡರು, ಅಷ್ಟೇ. ಅತಿಥಿಗಳನ್ನು ಗೇಟಿನವರೆಗೆ ಬಿಟ್ಟು ವಾಪಸು ಬಂದಾಗ ಗಡಿಯಾರ ರಿಪೇರಿಯವರು ಹೆಡ್ ಮೇಡಂ ಕೋಣೆಯ ಹೊಸಿಲಲ್ಲಿ ನಿಂತಿದ್ದರು, ಮೈಯೆಲ್ಲ ಕಂಬಳಿಯ ಜುಂಗು.

"ಏಳನೇ ಕ್ಲಾಸಿನ ಪುಸ್ತಕ ಈಗಲೇ ಸಿಗತ್ತಾ ಮೇಡಂ?" ಎಂದು ಅವರು ಕೇಳುತ್ತಿದ್ದರು. "ರಜೇಲಿ ಅಂಗಡೀಲಿ ಕೂತು ಓದ್ಕೊಳ್ಳಲಿ."