ನೋಟ್ಸ್ ಕೊಡದ ಮೇಷ್ಟ್ರು

ಹೊರದೇಶದ ಕಚೇರಿಯೊಂದರಲ್ಲಿ ಆರು ವರ್ಷ ಕೂತು, ಕಣ್ಣಲ್ಲೂ ಕಂಡಿರದ ದೇಶಗಳ ಸರ್ಕಾರಗಳಿಗೆ ಬಡತನ ನೀಗುವ ಬಗೆಯನ್ನು ಬರೆದು ಕಳಿಸುತ್ತಿದ್ದೆ. ಯಾರೂ ಓದುತ್ತಿರಲಿಲ್ಲ. ಬೇಸತ್ತು, ಐವತ್ತರ ದಶಕದ ನಡುವೆ ವಾಪಸು ಬಂದು, ರಾಜಾಜಿನಗರದಲ್ಲಿ ಮನೆ ಹಿಡಿದು, ವಿಶ್ವವಿದ್ಯಾನಿಲಯದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾದೆ. ಇಲ್ಲಾದರೂ ನನ್ನ ಮಾತು ಕೇಳುವವರು ಸಿಗುತ್ತಾರೆ ಎಂಬ ಆಸೆ. ಒಬ್ಬಳು ಕೇಳಿದಳು. ಅದು ಅವಳ ಗ್ರಹಚಾರ.

ಆಗ ಪಾಠವೆಂದರೆ ನೋಟ್ಸ್. ಮೇಷ್ಟ್ರು ಹಳೇ ಕಾಗದ ನೋಡಿಕೊಂಡು ಹೇಳುವುದು, ಮಕ್ಕಳು ಬರೆದುಕೊಂಡು ಉರುಹೊಡೆದು ಪರೀಕ್ಷೆಯಲ್ಲಿ ಕಕ್ಕುವುದು. ನನಗೆ ಮೈ ಉರಿಯಿತು. ನೋಟ್ಸ್ ಕೊಡುವುದಿಲ್ಲ, ಕಣ್ಣಾರೆ ಕಂಡದ್ದನ್ನು ಬರೆಯಿರಿ ಎಂದೆ. ವಿಭಾಗದ ಹಿರಿಯರೊಬ್ಬರು, "ಸಾರ್, ಪೇಪರ್ ನೋಡೋರು ನಾವಲ್ಲ, ಹೊರಗಿನೋರು. ಸುಮ್ನೆ ನೋಟ್ಸ್ ಕೊಟ್ಬಿಡಿ," ಎಂದರು. ನಕ್ಕುಬಿಟ್ಟೆ. ಎಂಥ ದುರಹಂಕಾರ ನನ್ನದು.

ಉಳಿದವರು ಜಾಣರು, ಹಿಂದಿನ ವರ್ಷದವರ ನೋಟ್ಸ್ ತಂದು ಬಾಯಿಪಾಠ ಮಾಡಿದರು. ಕೆಂಗೇರಿಯಿಂದ ರೈಲಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಮಾತ್ರ ನನ್ನನ್ನೇ ನಂಬಿದಳು. ಅವಳಪ್ಪನದು ದಿನಸಿ ಅಂಗಡಿ. ಒಂದೇ ಸಲ ಪರೀಕ್ಷೆ, ಪಾಸಾದರೆ ಟೀಚರ್ ಕೆಲಸಕ್ಕೆ ಹೋಗು, ಇಲ್ಲದಿದ್ದರೆ ಸೋದರಮಾವನ ಜೊತೆ ಮದುವೆ ಎಂದು ಅಪ್ಪ ಕರಾರು ಹಾಕಿದ್ದರು. ಇದು ನನಗೆ ಗೊತ್ತಿತ್ತು.

ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ವಿವರಿಸಿ ಎಂದು ಪರೀಕ್ಷೆಯಲ್ಲಿ ಪ್ರಶ್ನೆ ಬಂತು. ರಾಗಿ ತುಟ್ಟಿಯಾದಾಗ ನಮ್ಮ ಅಂಗಡಿಯಲ್ಲಿ ಬಡವರು ರಾಗಿಯನ್ನೇ ಹೆಚ್ಚು ಕೊಳ್ಳುತ್ತಾರೆ, ಅಕ್ಕಿ ಬೇಳೆಗೆ ದುಡ್ಡು ಸಾಲದೆ ಅವನ್ನು ಬಿಡುತ್ತಾರೆ ಎಂದು ಇವಳು ಬರೆದಳು, ಹೊರಗೆ ಬಂದು ನನಗೆ ಹೇಳಿದಳು. ಆರು ವರ್ಷದಲ್ಲಿ ನಾನು ಬರೆದ ಯಾವ ವರದಿಯಲ್ಲೂ ಅಷ್ಟು ಒಳ್ಳೆಯ ಸಾಲು ಇರಲಿಲ್ಲ. ಎಲ್ಲಾ ಉತ್ತರಗಳೂ ಇದೇ ತರಹ. ಫೇಲಾದಳು.

ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಪರೀಕ್ಷೆಗೆ ಕಟ್ಟಿಸಿ, ನೋಟ್ಸ್ ನಾನೇ ಬರೆದುಕೊಡುತ್ತೇನೆ ಎಂದು ಅವಳಪ್ಪನನ್ನು ಬೇಡಲು ಕೆಂಗೇರಿಗೆ ಹೋದೆ. ಅವರು ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಮಾತಿಗೆ ಮುಂಚೆ ನನ್ನ ಕೈಗೆ ಅಕ್ಷತೆ ಕೊಟ್ಟು, ಎಲೆಅಡಿಕೆಯ ಜೊತೆ ಲಗ್ನಪತ್ರಿಕೆ ಮುಂದೆ ಹಿಡಿದರು. "ನೀವೇ ಬಂದ್ರಲ್ಲ ಸ್ವಾಮಿ, ಪುಣ್ಯ. ನಾನೇ ಬರೋನಿದ್ದೆ."

"ಇನ್ನೊಂದು ಸಲ ಬರೆಸಿ ನೋಡೋಣ. ತಪ್ಪು ಅವಳದ್ದಲ್ಲ, ನನ್ನದು," ಎಂದೆ.

"ಇರಬೋದು ಸ್ವಾಮಿ. ಆದ್ರೆ ಮಾತು ಕೊಟ್ಟಾಯ್ತು. ಮೊದ್ಲು ತಗೊಳ್ಳಿ, ತಾಂಬೂಲ ಬೇಡ ಅನ್ಬಾರ್ದು."

ಹೊರದೇಶದ ಆ ಕಚೇರಿಗೆ ಬಂದ ಮಂತ್ರಿಗಳ ಮುಂದೆ ಮೇಜು ಕುಟ್ಟಿ ವಾದಿಸಿದವನು ನಾನು. ಎಲೆಅಡಿಕೆ ಬೇಡ ಎನ್ನಲು ಬಾಯಿ ಬರಲಿಲ್ಲ. ಎರಡೂ ಕೈ ಒಡ್ಡಿ ಈಸಿಕೊಂಡೆ.

"ಮೇಷ್ಟ್ರ ಕಾಲಿಗೆ ಬೀಳಮ್ಮ," ಎಂದರು. ಒಳಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ಹುಡುಗಿ ಬಂದು ಬಗ್ಗಿದಳು. ಬೇಗ ಏಳಲಿಲ್ಲ. ನಾನು ಇನ್ನೇನಾದರೂ ಹೇಳುತ್ತೇನೆ ಎಂದು ಕಾಯುತ್ತಿದ್ದಳು. ನನಗೂ ಅದು ತಿಳಿಯಿತು.

ಅಕ್ಷತೆ ಹಾಕಿ, "ಮುತ್ತೈದೆಯಾಗಿ ನೂರು ವರ್ಷ ಬಾಳಮ್ಮ," ಎಂದೆ.