ಹುಳದಕ್ಕ ಸಾಕಿದ ಪಾದರಸ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಬಾಕಿ. ಸಾಕುಪ್ರಾಣಿಗಳ ಅಂಗಡಿಯ ಶಟರ್ ಸೊಂಟದೆತ್ತರಕ್ಕೆ ಮಾತ್ರ ಎದ್ದಿದೆ. ಅದರಡಿ ಬಗ್ಗಿ ಒಳಹೊಕ್ಕ ಹೆಂಗಸು ದೊಡ್ಡ ದೀಪ ಹಾಕುವುದಿಲ್ಲ. ಕತ್ತಲಲ್ಲೇ ಚಪ್ಪಲಿ ಬದಲಿಸಿ, ಏಪ್ರನ್ ಕಟ್ಟಿಕೊಂಡು, ಎಡಗಡೆಯ ಮೂರನೇ ಗಾಜಿನ ಪೆಟ್ಟಿಗೆಯ ಮುಂದೆ ಸ್ಟೂಲು ಎಳೆದು ಕೂರುತ್ತಾರೆ. ಸ್ವಿಚ್ಚು ಒತ್ತಿದೊಡನೆ ಪೆಟ್ಟಿಗೆಯೊಳಗೆ ಹಳದಿ ಬೆಳಕು ಬೀಳುತ್ತದೆ. ಮರದ ತುಂಡನ್ನು ತಬ್ಬಿ ಮಲಗಿದ್ದ ಪ್ರಾಣಿ ಒಂದು ಕಣ್ಣು ಮಾತ್ರ ತೆರೆಯುತ್ತದೆ.

"ಏಳಪ್ಪಾ ದೊರೆ, ನಿನ್ನ ಸೂರ್ಯ ಹುಟ್ಟಿದ."

ದೊರೆ ಎಂದರೆ ಬಿಯರ್ಡೆಡ್ ಡ್ರ್ಯಾಗನ್, ಗಡ್ಡದ ಓತಿಕ್ಯಾತ. ಗಲ್ಲದ ಕೆಳಗೆ ಮುಳ್ಳುಮುಳ್ಳಾದ ಚರ್ಮ. ಸಿಟ್ಟು ಬಂದರೆ ಅದು ಉಬ್ಬಿ, ಕಪ್ಪಾಗಿ, ಥೇಟ್ ಗಡ್ಡದ ಹಾಗೆ ಕಾಣುತ್ತದೆ. ವಯಸ್ಸು ಆರು ತಿಂಗಳು, ಬಾಲವೂ ಸೇರಿ ಉದ್ದ ಒಂದೂವರೆ ಗೇಣು, ಹೆಸರು ಪಾದರಸ. ಇಪ್ಪತ್ತು ನಿಮಿಷ ಮೈ ಕಾಯಿಸಿಕೊಂಡ ಮೇಲೆ ಈ ಹೆಸರು ಯಾಕೆಂದು ಗೊತ್ತಾಗುತ್ತದೆ. ಕೊಂಬೆಯ ತುದಿಗೆ ಏರುತ್ತಾನೆ, ಅಲ್ಲಿಂದ ಧುಮುಕುತ್ತಾನೆ, ನೀರಿನ ಬಟ್ಟಲನ್ನು ತುಳಿದುಕೊಂಡೇ ಓಡುತ್ತಾನೆ. ಅಷ್ಟರಲ್ಲಿ ಹೆಂಗಸು ಒಂದು ಡಬ್ಬಿಯಲ್ಲಿ ಜೀರುಂಡೆ ಮರಿಗಳನ್ನೂ ಚಿಟಿಕೆ ಕ್ಯಾಲ್ಸಿಯಂ ಪುಡಿಯನ್ನೂ ಹಾಕಿ ಕುಲುಕುತ್ತಾರೆ. ಹಿಟ್ಟು ಬಳಿದುಕೊಂಡ ಹುಳಗಳು ಒಳಗೆ ಬಿದ್ದದ್ದೇ ತಡ, ಫಟ್ ಫಟ್ ಎಂದು ನಾಲಿಗೆ ಚಾಚುವ ಸದ್ದು.

ಈ ಹೆಂಗಸನ್ನು ಬೀದಿಯಲ್ಲಿ ಎಲ್ಲರೂ ಕರೆಯುವುದು 'ಹುಳದಕ್ಕ' ಎಂದು. ವಯಸ್ಸು ಐವತ್ತನಾಲ್ಕು. ಅಂಗಡಿಯ ಮುಂಭಾಗದಲ್ಲಿ ಬಣ್ಣದ ಮೀನು, ಗಿಳಿ, ಮೊಲಗಳಿವೆ. ಗಿರಾಕಿಗಳು ಅಲ್ಲೇ ನಿಂತು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅಕ್ಕನ ರಾಜ್ಯ ಹಿಂದಿನ ಕೋಣೆ. ಅಲ್ಲಿ ಮೂವತ್ತೆರಡು ಪ್ಲಾಸ್ಟಿಕ್ ತೊಟ್ಟಿಗಳು, ಪ್ರತಿಯೊಂದರಲ್ಲೂ ಮೊಟ್ಟೆ ಇಡುವ ರಟ್ಟಿನ ಟ್ರೇಗಳ ನಡುವೆ ಅಡಗಿ ಕೂತ ಜೀರುಂಡೆಗಳು. ಎಲ್ಲ ಸೇರಿದರೆ ಎಂಟು ಸಾವಿರಕ್ಕೆ ಕಡಿಮೆಯಿಲ್ಲ. ಅವುಗಳಿಗೆ ದಿನಾ ನಾಲ್ಕು ಕಿಲೋ ಕ್ಯಾರೆಟ್ಟು, ಸೊಪ್ಪು, ಹೊಟ್ಟು. ಹುಳ ಚೆನ್ನಾಗಿ ತಿಂದರೆ ತಾನೆ ಹುಳ ತಿಂದವನಿಗೆ ಸತ್ವ? ಪಾದರಸನೊಬ್ಬನಿಗೇ ಮೂರು ಹೊತ್ತು ಸೇರಿ ದಿನಕ್ಕೆ ನಲವತ್ತೈದು ಹುಳ ಬೇಕು, ಜೊತೆಗೆ ಸಣ್ಣಗೆ ಹೆಚ್ಚಿದ ಸೊಪ್ಪು.

"ಅವನ ಎರಡು ಕಣ್ಣಿನ ನಡುವೆ ಎಷ್ಟು ಜಾಗ ಇದೆಯೋ, ಹುಳ ಅದಕ್ಕಿಂತ ದೊಡ್ಡದಿರಬಾರದು. ದೊಡ್ಡದು ಕೊಟ್ಟರೆ ಆಸೆಗೆ ನುಂಗಿಬಿಡ್ತಾನೆ, ಆಮೇಲೆ ಹೊಟ್ಟೆ ಕಟ್ಟಿ ಒದ್ದಾಡ್ತಾನೆ. ಮಕ್ಕಳಲ್ವಾ, ಅಳತೆ ನಾವೇ ನೋಡ್ಬೇಕು," ಎನ್ನುತ್ತಾರೆ ಅಕ್ಕ, ಕೈ ನಿಲ್ಲಿಸದೆ.

ಇದಕ್ಕೂ ಮೊದಲು ಅವರು ಹತ್ತೊಂಬತ್ತು ವರ್ಷ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆ. ಮಡಚುವ ಯಂತ್ರ ಬಂತು, ಆರು ಜನ ಹೆಂಗಸರು ಮನೆಗೆ ಹೋದರು. ಗಂಡ ಲಿಫ್ಟ್ ಮೆಕ್ಯಾನಿಕ್. ಸೊಂಟ ಹಿಡಿದುಕೊಂಡ ಮೇಲೆ ಅವರಿಗೂ ವಾರಕ್ಕೆ ಮೂರೇ ದಿನ ಕೆಲಸ. ಅಕ್ಕ ಈ ಅಂಗಡಿಗೆ ಸೇರಿದ್ದು ನೆಲ ಒರೆಸಲು. ಹಲ್ಲಿ ಕಂಡರೆ ಮಾರು ದೂರ ಹಾರುತ್ತಿದ್ದವರು!

"ಮೊದಲ ದಿನ ಹುಳದ ಕೋಣೆ ಬಾಗಿಲು ತೆಗೆದು ವಾಪಸ್ ಮುಚ್ಚಿಬಿಟ್ಟೆ. ವಾಸನೆ ಅಂದ್ರೆ ವಾಸನೆ! ಮಗಳು ಈಗ್ಲೂ ಸ್ನಾನ ಮಾಡೋ ತನಕ ಹತ್ರ ಸೇರಿಸಲ್ಲ. ಒಂದು ಸಲ ಬ್ಯಾಗಲ್ಲಿ ಒಂದು ಜೀರುಂಡೆ ಮನೆಗೇ ಬಂದ್ಬಿಟ್ಟಿತ್ತು. ಮೂರು ದಿನ ಸೋಫಾ ಕೆಳಗೆ ಕೂತು ಕಚೇರಿ ನಡೆಸ್ತು. ನಮ್ಮನೆಯವರು 'ನಿನ್ನ ನೆಂಟರು ಯಾವಾಗ ಹೊರಡ್ತಾರೆ?' ಅಂತ ದಿನಾ ಕೇಳೋರು."

ಪಾದರಸ ಅವರ ಕೈಗೆ ಬಂದದ್ದು ಮೂರು ಮನೆ ಕಂಡ ಮೇಲೆ. ಮೊದಲ ಮನೆಯಲ್ಲಿ ಅಂಗೈಯಿಂದ ಹಾರಿ ಬೀರುವಿನ ಹಿಂದೆ ಸೇರಿಕೊಂಡ. ಎರಡನೆಯವರು, ಇಡೀ ದಿನ ಗಾಜು ಕೆರೆಯುತ್ತಾನೆ, ತಲೆ ಚಿಟ್ಟು ಹಿಡಿಯಿತು ಎಂದರು. ಮೂರನೇ ಮನೆಯಲ್ಲಿ ಹುಳದ ಡಬ್ಬಿ ಅಡುಗೆ ಮನೆಯಲ್ಲಿ ಬಿದ್ದು, 'ಹುಳ ಇರಬೇಕು, ಇಲ್ಲ ನಾನಿರಬೇಕು' ಎಂದು ಮನೆಯೊಡತಿ ಪಟ್ಟು ಹಿಡಿದರು. ಅಂಗಡಿ ಮಾಲೀಕರಿಗೂ ಸಾಕಾಗಿತ್ತು. ಇನ್ನೊಂದು ತಿಂಗಳು ನೋಡಿ, ಸಗಟು ವ್ಯಾಪಾರಿಗೆ ವಾಪಸ್ ಕಳಿಸುವುದೆಂದು ತೀರ್ಮಾನಿಸಿದರು. ಅಲ್ಲಿ ಒಂದೊಂದು ಪೆಟ್ಟಿಗೆಯಲ್ಲಿ ಹನ್ನೆರಡು ಮರಿಗಳನ್ನು ತುಂಬುತ್ತಾರೆ. ಒಂದರ ಬಾಲ ಇನ್ನೊಂದು ಕಚ್ಚುತ್ತದೆ.

ಅಕ್ಕ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸುಮ್ಮನೆ ಅವನ ಮುಂದೆ ಕೂತರು. ಅವನು ಎಲ್ಲೆಂದರಲ್ಲಿ ಕೆರೆಯುತ್ತಿರಲಿಲ್ಲ. ದೀಪದ ಬೆಳಕು ಬಿದ್ದು ಗಾಜು ಕನ್ನಡಿಯಾಗುವ ಕಡೆಗೇ ಹೋಗುತ್ತಿದ್ದ, ಗಡ್ಡ ಕಪ್ಪು ಮಾಡಿಕೊಂಡು ತಲೆ ಕುಣಿಸುತ್ತಿದ್ದ. "ಪಾಪ, ಎದುರಿಗೆ ಇನ್ನೊಬ್ಬ ಇದ್ದಾನೆ ಅಂದ್ಕೊಂಡು ಬೆಳಗಿಂದ ಸಂಜೆ ತನಕ ಜಗಳ ಆಡ್ತಿದ್ದ. ಆ ಇನ್ನೊಬ್ಬನೂ ಸೋಲ್ತಿರಲಿಲ್ಲ." ಅಕ್ಕ ಮೂರು ಬದಿಗೆ ಹೊರಗಿನಿಂದ ಕಂದು ಕಾಗದ ಅಂಟಿಸಿದರು. ಹತ್ತಲು ಎರಡು ಕೊಂಬೆ ಇಟ್ಟರು. ದಿನಾ ಮಧ್ಯಾಹ್ನ ಕಾಲು ಗಂಟೆ ಟವೆಲ್ ಹಾಸಿ ಹೊರಗೆ ಓಡಾಡಲು ಬಿಟ್ಟರು. ಕೆರೆತ ನಾಲ್ಕೇ ದಿನಕ್ಕೆ ನಿಂತಿತು.

"ಇವನು ಸರಿಯಾಗಿದ್ದಾನೆ ಸಾರ್, ಕಳಿಸ್ಬೇಡಿ," ಎಂದು ಅಕ್ಕ ಹೇಳಿದಾಗ ಮಾಲೀಕರು ನಕ್ಕರಂತೆ: "ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತಾರೆ. ಇವನಿಗೆ ನೀವು!"

ಆದರೆ ಆ ಸಾಕ್ಷಿಯೇ ಒಂದು ದಿನ ತಪ್ಪಿತು. ಚಳಿಗಾಲದ ಶನಿವಾರ, ಮಧ್ಯಾಹ್ನದ ಊಟ ಹಾಕುತ್ತಿದ್ದಾಗ ಹೊರಗೆ ರಟ್ಟಿನ ಟ್ರೇ ತಂದ ಗಾಡಿಯವನು ಕೂಗಿದ. ಅಕ್ಕ ಗಾಜು ಎಳೆದು ಓಡಿದರು. ವಾಪಸ್ ಬಂದಾಗ ಗಾಜು ಮೂರು ಬೆರಳಿನಷ್ಟು ತೆರೆದಿತ್ತು. ಪೆಟ್ಟಿಗೆ ಖಾಲಿ.

ನಾಲ್ಕು ಗಂಟೆಯಾದರೂ ಸುಳಿವಿಲ್ಲ. ನೆಲ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಮೈ ತಣ್ಣಗಾದರೆ ಅವನಿಗೆ ಕಾಲು ಆಡುವುದಿಲ್ಲ. ಯಾರಾದರೂ ತುಳಿದರೂ ಸರಿಯಲಾರ. ಅಕ್ಕ ಗಿರಾಕಿಗಳನ್ನು ಕಳಿಸಿ, ಶಟರ್ ಎಳೆದು, ಹೊರಗೆ ಹೋಗಿದ್ದ ಮಾಲೀಕರಿಗೆ ಫೋನ್ ಮಾಡಿದರು. "ತಪ್ಪು ನಂದೇ ಸಾರ್. ಗಾಜು ಪೂರ್ತಿ ಎಳೆದಿರಲಿಲ್ಲ."

ಆಮೇಲೆ ಕಣ್ಣಲ್ಲಿ ಹುಡುಕುವುದನ್ನು ಬಿಟ್ಟು ಕೈಯಲ್ಲಿ ಹುಡುಕತೊಡಗಿದರು. ಇಸ್ತ್ರಿಪೆಟ್ಟಿಗೆಯ ಕಾವನ್ನು ಹತ್ತೊಂಬತ್ತು ವರ್ಷ ಅಳೆದ ಕೈ. ಅಂಗೈಯ ಹಿಂಬದಿಯನ್ನು ಗೋಡೆಗೆ, ಕಪಾಟಿಗೆ, ಮೂಲೆಮೂಲೆಗೆ ಸೋಕಿಸುತ್ತ ಹೋದರು: ಎಲ್ಲಿ ಬೆಚ್ಚಗಿದೆ? ಸೊಪ್ಪು ಇಡುವ ಹಳೆಯ ಫ್ರಿಜ್ಜಿನ ಪಕ್ಕ ಗೋಡೆ ಬೆಚ್ಚಗಿತ್ತು. ಪ್ಲಗ್ ಕಿತ್ತು, ನೆಲಕ್ಕೆ ಮಲಗಿ, ಮೋಟರಿನ ಹಿಂದೆ ಟಾರ್ಚ್ ಬಿಟ್ಟರು. ಮೈಯೆಲ್ಲ ಜೇಡರಬಲೆ ಮೆತ್ತಿಕೊಂಡು, ಗಡ್ಡ ಕಪ್ಪಾಗಿಸಿಕೊಂಡು, ಪಾದರಸ ಬಾಯಿ ತೆರೆದು ಹೆದರಿಸಿದ.

"ನನ್ನ ಮೇಲೇ ಕೋಪ ಅವನಿಗೆ! ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ."

ಅವನ ಹಿಂಗಾಲಿನ ಒಂದು ಬೆರಳಿಗೆ ಹಳೆಯ ಗೋಣಿದಾರ ಬಿಗಿಯಾಗಿ ಸುತ್ತಿಕೊಂಡಿತ್ತು. ದಾರ ಕತ್ತರಿಸಿದರೂ ಬೆರಳು ಕಪ್ಪಿಟ್ಟಿತ್ತು. ಪ್ರಾಣಿವೈದ್ಯರು ಮದ್ದು ಕೊಟ್ಟರು, ಜೀವಕ್ಕೆ ತೊಂದರೆಯಿಲ್ಲ ಎಂದರು. ಮೂರು ವಾರಕ್ಕೆ ಬೆರಳ ತುದಿ ಉದುರಿಹೋಯಿತು. ಮಾಲೀಕರು ಬೈಯಲಿಲ್ಲ. ಪೆಟ್ಟಿಗೆಗಳಿಗೆಲ್ಲ ಚಿಲಕ ಹಾಕಿಸಿದರು. ಒಂದು ಮಾತು ಮಾತ್ರ ಹೇಳಿದರು: "ಗಿರಾಕಿ ತಾವಾಗಿ ಕೇಳದಿದ್ರೆ ಬೆರಳಿನ ವಿಷಯ ಎತ್ತಬೇಡಿ."

ಗಿರಾಕಿ ಬಂದದ್ದು ಹದಿನೈದು ದಿನದ ಹಿಂದೆ. ನಗರದ ಬಸ್ಸು ಓಡಿಸುವ ಹೆಂಗಸು, ನಲವತ್ತರ ಆಸುಪಾಸು, ಮನೆಯಲ್ಲಿ ಒಬ್ಬರೇ. ಏಳೂವರೆಗೆ ಶುರುವಾಗುವ ಪಾಳಿ ಮುಗಿಸಿ ಮಧ್ಯಾಹ್ನ ಮೂರಕ್ಕೆಲ್ಲ ಮನೆ ಸೇರುವವರು. "ಹಗಲು ಹೊತ್ತು ಎಚ್ಚರ ಇರೋ ಒಂದು ಜೀವ ಮನೇಲಿದ್ರೆ ಸಾಕು," ಎಂದರು. ಬೆರಳನ್ನು ಅವರು ಗಮನಿಸಲಿಲ್ಲ, ಕೇಳಲೂ ಇಲ್ಲ. ಅಕ್ಕನೇ ಪಾದರಸನನ್ನು ಅಂಗೈ ಮೇಲೆತ್ತಿ, ಆ ಕಾಲು ಕಾಣುವಂತೆ ಹಿಡಿದು, ನಡೆದದ್ದನ್ನೆಲ್ಲ ಹೇಳಿದರು. ಮಾಲೀಕರು ಗಲ್ಲಾದ ಹಿಂದೆ ಕೆಮ್ಮಿದರು.

ಡ್ರೈವರಮ್ಮ ಬಗ್ಗಿ ಆ ಕಾಲನ್ನು ನೋಡಿದರು. "ಒಂದು ಸಲ ನಾನೂ ಬಾಗಿಲು ಮುಚ್ಚೋ ಮೊದಲೇ ಬಸ್ಸು ಎತ್ತಿದ್ದೆ ಅಕ್ಕ. ಒಬ್ಬರು ಅಜ್ಜಿ ಬೀಳೋದ್ರಲ್ಲಿದ್ರು. ಅವತ್ತಿಂದ ಎರಡೆರಡು ಸಲ ನೋಡ್ತೀನಿ."

"ನಾನೂ ಅಷ್ಟೇ."

"ಹಾಗಾದ್ರೆ ನೀವೇ ಕಲಿಸಿಕೊಡಿ."

ಅಕ್ಕ ಷರತ್ತು ಹಾಕಿದರು: ಹತ್ತು ಬೆಳಗು ಪಾಳಿಗೆ ಮೊದಲು ಬಂದು ಕೈಯಾರೆ ಮಾಡಬೇಕು, ಆಮೇಲೆ ಪಾದರಸ ನಿಮ್ಮವನು. ಡ್ರೈವರಮ್ಮನೂ ಜಿಗುಟು. ಖಾಕಿ ಸಮವಸ್ತ್ರದ ಮೇಲೆ ಏಪ್ರನ್ ಕಟ್ಟಿ, ಮೊದಲ ದಿನ ಕಣ್ಣು ಮುಚ್ಚಿಕೊಂಡು ಜೀರುಂಡೆ ಹಿಡಿದರು. ಐದನೇ ದಿನಕ್ಕೆ ಎಣಿಸಿ ಹಿಡಿದರು. ದೀಪದಡಿ ನಲವತ್ತು ಡಿಗ್ರಿ, ಇನ್ನೊಂದು ತುದಿ ತಂಪು. ಉಳಿದ ಹುಳ ಒಳಗೇ ಬಿಟ್ಟರೆ ಅವೇ ಅವನನ್ನು ಕಚ್ಚುತ್ತವೆ. ಉಗುರು ಬೆಚ್ಚಗಿನ ನೀರಲ್ಲಿ ವಾರಕ್ಕೊಂದು ಸ್ನಾನ. "ಬಿಸಿಲಿನ ಸತ್ವ ಕೊಡೋ ಈ ಬಿಳಿ ಟ್ಯೂಬು ಆರು ತಿಂಗಳಿಗೆ ಬದಲಿಸಿ," ಅಕ್ಕ ಮೂರು ಸಲ ಹೇಳುತ್ತಾರೆ. "ಬೆಳಕು ಬರ್ತಾನೇ ಇರುತ್ತೆ, ಸತ್ವ ಹೋಗಿರುತ್ತೆ. ಮೂಳೆ ಮೆತ್ತಗಾದ ಮೇಲೆ ಅತ್ತರೆ ಪ್ರಯೋಜನ ಇಲ್ಲ."

ನೀವೇ ಯಾಕೆ ಇಟ್ಟುಕೊಳ್ಳಲಿಲ್ಲ ಎಂದರೆ ನಗುತ್ತಾರೆ. "ಆಸೆ ಇಲ್ಲದೆ ಏನು? ನಮ್ದು ಒಂದೂವರೆ ರೂಮು. ಇವನ ಪೆಟ್ಟಿಗೆ ಇಟ್ರೆ ನಮ್ಮನೆಯವರು ನಿಂತ್ಕೊಂಡೇ ಮಲಗ್ಬೇಕು."

ಹತ್ತನೇ ಬೆಳಗು ಡ್ರೈವರಮ್ಮನಿಗೆ ರಜೆಯ ದಿನ. ಬಾಡಿಗೆ ವ್ಯಾನು ಹೊರಗೆ ನಿಂತಿದೆ. ಪೆಟ್ಟಿಗೆ, ದೀಪ, ಕೊಂಬೆ, ಒಂದು ವಾರಕ್ಕಾಗುವಷ್ಟು ಹುಳ ಎಲ್ಲ ಏರಿವೆ. ಕೊನೆಗೆ ರಟ್ಟಿನ ಡಬ್ಬಿಯಲ್ಲಿ ಪಾದರಸ. ಅಕ್ಕ ಮುಚ್ಚಳವನ್ನು ಒಮ್ಮೆ ಒತ್ತುತ್ತಾರೆ, ಮತ್ತೊಮ್ಮೆ ಒತ್ತುತ್ತಾರೆ. ಒಳಗಿಂದ ಕೆರೆಯುವ ಸದ್ದು.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಫೋನ್ ಮಾಡ್ಲಾ ಅಕ್ಕ?"

"ಮಾಡಿ, ಯಾವ ಹೊತ್ತಾದ್ರೂ ಮಾಡಿ," ಎನ್ನುತ್ತಾರೆ ಅಕ್ಕ. ವ್ಯಾನಿನ ಬಾಗಿಲು ಹಿಡಿದುಕೊಂಡು, ತಗ್ಗಿದ ದನಿಯಲ್ಲಿ ಸೇರಿಸುತ್ತಾರೆ: "ಎಲ್ರೂ ನನಗೆ ಫೋನ್ ಮಾಡೋದು ಏನಾದ್ರೂ ಕೆಟ್ಟಾಗ್ಲೇ. ನೀವು, ಅವನು ಚೆನ್ನಾಗಿ ತಿಂದು ಸುಮ್ನೆ ಬಿಸಿಲು ಕಾಯ್ತಾ ಕೂತಿರ್ತಾನಲ್ಲ, ಅವಾಗ್ಲೂ ಒಂದು ಸಲ ಮಾಡಿ."