ಕೌದಿ ಹೊದ್ದ ಕೋಣೆ

ಆ ಫೋಟೋದಲ್ಲಿರುವ ಕೋಣೆ ನನ್ನದಲ್ಲ. ಸುರಪುರದ ಶರಣಮ್ಮನದು. ಮನೆಯಿಂದ ಮಾಡುವ ಕೆಲಸಕ್ಕೆ ಅರ್ಜಿ ಹಾಕುವಾಗ, ನಾನು ಕೂತು ಕೆಲಸ ಮಾಡುವ ಜಾಗ ಇದೇ ಎಂದು ಅದನ್ನು ಕಳಿಸಿದೆ. ಕೆಲಸ ನನಗೆ ಸಿಕ್ಕಿತು. ಆಮೇಲೆ ತನ್ನ ಸ್ವಂತ ಕೋಣೆಯ ಫೋಟೋ ಕಳಿಸಿದ ಶರಣಮ್ಮನನ್ನು ಕಂಪನಿಯವರು ಸುಳ್ಳುಗಾರ್ತಿ ಎಂದು ಹೊರಗಿಟ್ಟರು. ನಾನು ಸುಮ್ಮನಿದ್ದೆ — ಇಲ್ಲ, ಸುಮ್ಮನಿದ್ದೆ ಎಂದರೂ ಅದು ಪೂರ್ತಿ ನಿಜವಲ್ಲ. ಆಕೆ ನೇರವಾಗಿ ಕೇಳಿದಾಗ ಬಾಯಿಬಿಟ್ಟು ಸುಳ್ಳು ಹೇಳಿದೆ.

ವರ್ಷಗಳಿಂದ ಇದನ್ನು ಯಾರಿಗೂ ಹೇಳಿಲ್ಲ. ಈಗ ಯಾಕೆ ಹೇಳುತ್ತಿದ್ದೇನೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಶರಣಮ್ಮನ ಮಾತು. ಆಕೆ ಎಂಥವಳು ಎಂದು ತಿಳಿಯದೆ ನಾನು ಮಾಡಿದ್ದು ಎಂಥ ಸಣ್ಣ ಕೆಲಸ ಎಂಬುದು ನಿಮಗೆ ಗೊತ್ತಾಗುವುದಿಲ್ಲ.

ನನ್ನ ಹೆಸರು ಸುಜಾತಾ. ಆಗ ಅಪ್ಪ ಶಹಾಪುರದ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ, ಅವ್ವ ಹತ್ತಿ ಬಿಡಿಸಲು ಹೋಗುತ್ತಿದ್ದಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಯಾದಗಿರಿಯ ಹಾಸ್ಟೆಲ್ಲಿನಲ್ಲಿ ಅರೆಹೊಟ್ಟೆಯಲ್ಲಿ ಓದಿ ಪಡೆದದ್ದು. ಆ ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಮಂಚ ಶರಣಮ್ಮನದು. ಆಕೆಯದೂ ಓದಿದವರಿಲ್ಲದ ಮನೆ. ಅಪ್ಪನಿಗೆ ಸುರಪುರದ ಹತ್ತಿರ ಒಂದಿಷ್ಟು ಹೊಲ, ಹತ್ತಿ ಮತ್ತು ಮೆಣಸಿನಕಾಯಿ. ಹಾಸ್ಟೆಲ್ಲಿನಲ್ಲಿ ಫ್ಯಾನು ನಿಂತರೆ ವಾರ್ಡನ್‌ಗಿಂತ ಮೊದಲು ಶರಣಮ್ಮನನ್ನು ಕರೆಯುತ್ತಿದ್ದರು. ಆಕೆ ಬಂದು, ಮೊದಲು ನಮಗೆ ಬೈದು, ಆಮೇಲೆ ಫ್ಯಾನು ತಿರುಗಿಸುತ್ತಿದ್ದಳು.

ಡಿಗ್ರಿ ಮುಗಿದ ಮೇಲೆ ಒಂದು ಕಂಪನಿಯ ಕೆಲಸದ ಸುದ್ದಿ ಬಂತು. ಗ್ರಾಹಕರ ಕರೆಗಳಿಗೆ ಕನ್ನಡ, ಹಿಂದಿಯಲ್ಲಿ ಉತ್ತರ ಕೊಡುವುದು, ಎಲ್ಲವೂ ಮನೆಯಿಂದಲೇ. ಸುದ್ದಿ ತಂದವಳೂ ಶರಣಮ್ಮನೇ. ಆದರೆ ಒಂದು ಷರತ್ತಿತ್ತು: ಅಭ್ಯರ್ಥಿಗೆ ಸದ್ದಿಲ್ಲದ ಪ್ರತ್ಯೇಕ ಕೋಣೆ ಇರಬೇಕು, ಮೇಜು ಕುರ್ಚಿ ಇರಬೇಕು, ಕರೆಂಟು ಹೋದರೂ ಇಂಟರ್‌ನೆಟ್ ನಿಲ್ಲಬಾರದು. ಅದರ ಫೋಟೋ ಕಳಿಸಬೇಕು.

ನಾನು ಮನೆಯಲ್ಲಿ ಸುತ್ತ ನೋಡಿದೆ. ತಗಡಿನ ಒಂದೇ ಕೋಣೆ. ಗೋಡೆಗೆ ಬುದ್ಧನ ಪಟ, ಆ ಗೋಡೆಯ ಆಚೆಗೆ ಹಿಟ್ಟಿನ ಗಿರಣಿ. ಗಿರಣಿ ಶುರುವಾದರೆ ಪಟವೂ ನಡುಗುತ್ತದೆ. ಬೇಸರದಲ್ಲಿ ಶರಣಮ್ಮನಿಗೆ ಫೋನು ಮಾಡಿದೆ.

"ಅಳ್ಕೋತ ಕುಂದ್ರಬ್ಯಾಡ, ಬಾ ಇಲ್ಲಿ," ಅಂದಳು. "ನಾ ಒಂದು ಕೋಣಿ ಮಾಡೀನಿ. ಬಂದು ನೋಡು, ಆಮ್ಯಾಲ ನಿಂದೂ ಮಾಡೂಣು."

ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಮೊದಲು ಅಲ್ಲಿ ಶೇಂಗಾ, ಗೊಬ್ಬರದ ಚೀಲ ಒಟ್ಟುತ್ತಿದ್ದರು, ನನಗೆ ಗೊತ್ತಿತ್ತು. ಈಗ ಅಲ್ಲಿ ಹೊಲಿಗೆ ಮಷೀನಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನೆಲಕ್ಕೆ ಹಾಸುವ ಫರಸಿ ಕಲ್ಲು ಕೂರಿಸಿ ಮೇಜು ಮಾಡಿದ್ದಳು. ಸ್ಟ್ಯಾಂಡಿನ ಕಾಲು ತುಳಿಯುವ ಹಲಗೆಯನ್ನು ತೆಗೆದಿರಲಿಲ್ಲ. ಕೂತು ಕೂತು ಕಾಲು ಜೋಮು ಹಿಡಿದರೆ ಅದನ್ನು ತುಳಿಯುತ್ತಾಳಂತೆ. ಲ್ಯಾಪ್‌ಟಾಪ್ ಕಣ್ಣಿನ ಮಟ್ಟಕ್ಕೆ ಬರಲೆಂದು ಕೆಳಗೆ ಬಟ್ಟೆ ಸುತ್ತಿದ ಇಟ್ಟಿಗೆ. ಕುರ್ಚಿ ಅಂದರೆ ಗುಜರಿ ಅಂಗಡಿಯಿಂದ ತಂದ ಬಸ್ಸಿನ ಸೀಟು, ವೆಲ್ಡಿಂಗ್ ಅಂಗಡಿಯಲ್ಲಿ ಅದಕ್ಕೆ ಕಾಲು ಹಚ್ಚಿಸಿದ್ದಳು. ಕೂತು ನೋಡಿದೆ, ಬೆನ್ನಿಗೆ ಹಾಯೆನಿಸಿತು.

"ಇದರಾಗ ದಿನಾ ಎಂಟು ತಾಸು ಕೂತ್ರ ಬೆಂಗಳೂರು ಮುಟ್ಟಬೇಕು ಖರೇ ಅಂದ್ರ," ಅಂದಳು. "ನಾ ಎದ್ದು ನೋಡಿದ್ರ ಸುರಪುರದಾಗೇ ಇರ್ತೀನಿ!"

ಇಂಟರ್‌ನೆಟ್‌ಗೆ ಆಕೆ ಮಾಡಿದ್ದು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ. ನಮ್ಮ ಕಡೆ ಬೆಳೆಗೆ ಔಷಧಿ ಸಿಂಪಡಿಸುವುದನ್ನು ಎಣ್ಣಿ ಹೊಡೆಯುವುದು ಅನ್ನುತ್ತೇವೆ. ಬೆನ್ನಿಗೆ ಕಟ್ಟಿಕೊಳ್ಳುವ ಆ ಪಂಪಿನಲ್ಲಿ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಅದಕ್ಕೂ ಇಂಟರ್‌ನೆಟ್ ಹಂಚುವ ರೂಟರ್ ಡಬ್ಬಿಗೂ ಬೇಕಾದ ವೋಲ್ಟೇಜು ಒಂದೇ ಎಂದು ಎರಡರ ಬೆನ್ನಿಗಿದ್ದ ಚೀಟಿ ಓದಿ ಕಂಡುಕೊಂಡಿದ್ದಳು. ವೈರು ಜೋಡಿಸಿದ್ದಳು. ಕರೆಂಟು ಹೋದರೂ ಇಂಟರ್‌ನೆಟ್ ಇರುತ್ತಿತ್ತು. ಅದೂ ಕೈಕೊಟ್ಟರೆ ಇರಲಿ ಎಂದು ಕಿಟಕಿಯಲ್ಲಿ ಬೇರೆ ಸಿಮ್ಮಿನ ಹಳೆಯ ಫೋನು. ಆಕೆಯ ಅಪ್ಪ, ನಾನು ಕಾಕಾ ಅನ್ನುತ್ತೇನೆ, ಹೊರಗಿನಿಂದ ಕೂಗಿದರು: "ನಮ್ಮ ಪಂಪು ಈಗ ಇಂಟರ್‌ನೆಟ್ಟಿಗೂ ಎಣ್ಣಿ ಹೊಡಿಯಾಕತ್ತದವ್ವಾ ಸುಜಾತಾ. ಹುಳ ಹತ್ತಿಯಾಗ ಉಳಿದಾವ!"

ಇನ್ನು ಗೋಡೆ. ಬರಿ ಗೋಡೆಯಿದ್ದರೆ ಮಾತು ಗಣಗಣ ಅನ್ನುತ್ತದೆ, ಫೋನಿನ ಆಚೆಯವರಿಗೆ ಬಾವಿಯಿಂದ ಮಾತಾಡಿದಂತೆ ಕೇಳುತ್ತದೆ. ಅದಕ್ಕೆ ಶರಣಮ್ಮ ಅಜ್ಜಿ ಹೊಲಿದ ಕೌದಿಯನ್ನು ಕುರ್ಚಿಯ ಹಿಂದಿನ ಗೋಡೆಯ ತುಂಬ ಬಿಗಿದಿದ್ದಳು. ಹಳೆ ಸೀರೆ, ಧೋತರ, ಅಂಗಿಗಳ ತುಂಡು ಸೇರಿಸಿ ಹೊಲಿದ ದಪ್ಪ ಕೌದಿ. ನಡುವೆ ಶರಣಮ್ಮನ ಶಾಲೆಯ ನೀಲಿ ಅಂಗಿಯ ತುಂಡು, ಅದರ ಜೇಬನ್ನು ಅಜ್ಜಿ ಬಿಚ್ಚದೆ ಹಾಗೇ ಉಳಿಸಿದ್ದರು. ಬದುಕಿದ್ದಾಗ ಅಡಿಕೆ ಇಟ್ಟುಕೊಳ್ಳುತ್ತಿದ್ದರಂತೆ. ಈಗ ಆ ಜೇಬಿನಲ್ಲಿ ಶರಣಮ್ಮನ ಹೆಡ್‌ಸೆಟ್ ಇಳಿಬಿದ್ದಿತ್ತು.

"ಹೊದ್ಕೊಳ್ಳಾಕ ಹೊಲದದ್ದು ಗೋಡಿಗೆ ಬಡದಾಳ ನೋಡವ್ವಾ," ಎಂದು ಆಕೆಯ ಅವ್ವ ನನಗೆ ದೂರು ಹೇಳಿದಳು. "ಗೋಡಿಗೇನು ಚಳಿ ಬಂದದೇನು?"

ಸದ್ದು ಅಳಿಸುವ ಸಾಫ್ಟ್‌ವೇರನ್ನೂ ಶರಣಮ್ಮ ಆಗಲೇ ಹಾಕಿಕೊಂಡಿದ್ದಳು. ಅದು ಕೆಲಸ ಮಾಡುತ್ತದೋ ಇಲ್ಲವೋ ತೋರಿಸಲು ಅವ್ವನನ್ನು ಕೋಣೆಯೊಳಗೆ ಕೂರಿಸಿ ಪಟಪಟ ರೊಟ್ಟಿ ಬಡಿಯಲು ಹೇಳಿದಳು. ತಾನು ಹೆಡ್‌ಸೆಟ್ಟಿನಲ್ಲಿ ಮಾತಾಡಿ ಅದನ್ನು ಮರಳಿ ಕೇಳಿಸಿದಳು. ಶರಣಮ್ಮನ ದನಿ ಮಾತ್ರ ಇತ್ತು. ರೊಟ್ಟಿಯ ಸದ್ದು ಇಲ್ಲವೇ ಇಲ್ಲ. ಅವ್ವನಿಗೆ ಸಿಟ್ಟು ಬಂತು.

"ನಾ ಇಷ್ಟೊತ್ತು ಬಡದದ್ದು ಎಲ್ಲಿ ಹೋತು?"

"ಕಂಪ್ಯೂಟರ್ ತಿಂದು ಬಿಡ್ತವ್ವಾ."

"ಪಲ್ಯಾ ಇಲ್ಲದ?"

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ನನಗೆ ಚೆನ್ನಾಗಿ ನೆನಪಿದೆ — ಯಾಕೆಂದರೆ ನಗುತ್ತಲೇ ನಾನು ಫೋನು ತೆಗೆದೆ.

"ಒಂದು ಫೋಟೋ ಹೊಡ್ಕೋತೀನಿ, ಅಪ್ಪಗ ತೋರಸ್ತೀನಿ," ಅಂದೆ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತೇ? ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅರ್ಧ ನಿಜ ಅಂದುಕೊಳ್ಳಬಹುದಿತ್ತು. ಆದರೆ ಅಪ್ಪನಿಗೆ ತೋರಿಸುವುದಕ್ಕೆ ಕುರ್ಚಿಯ ಮೇಲಿದ್ದ ಶರಣಮ್ಮನ ಓಢಣಿಯನ್ನು ಪಕ್ಕಕ್ಕೆ ಸರಿಸುವ ಅಗತ್ಯ ಇರಲಿಲ್ಲ. ನಾನು ಸರಿಸಿದೆ. ಆಮೇಲೆ ಫೋಟೋ ತೆಗೆದೆ.

"ನೀ ಯಾವಾಗ ಅರ್ಜಿ ಹಾಕ್ತಿ?" ಅಂತ ಕೇಳಿದೆ.

"ಅವರು ಕೇಳಿದಷ್ಟು ಸ್ಪೀಡ್ ಈಗಿನ ಇಂಟರ್‌ನೆಟ್ಟಿಗಿಲ್ಲ, ಹೊಸಾ ಲೈನ್ ಬರೂದದ. ಅದು ಬಂದ ಮ್ಯಾಲ. ಇಲ್ಲದ್ದು ಅದ ಅಂತ ಯಾಕ ಬರೀಲಿ?" ಅಂದಳು.

ಶಹಾಪುರಕ್ಕೆ ಬರುವ ಬಸ್ಸಿನಲ್ಲೇ ನಾನು ಅರ್ಜಿ ಹಾಕಿದೆ. ಆಕೆಯ ಕೋಣೆ, ಆಕೆಯ ಕೌದಿ, ಆಕೆಯ ಹೆಡ್‌ಸೆಟ್. ಹೆಸರು ಮಾತ್ರ ನನ್ನದು.

ಮಾತಿನ ಪರೀಕ್ಷೆಯಲ್ಲಿ ನಾನು ಚೆನ್ನಾಗಿ ಮಾಡಿದೆ. ಅದು ನನ್ನದೇ. ಅದಕ್ಕೆ ಯಾರ ಹಂಗೂ ಇಲ್ಲ. ಆದರೆ ಆ ಫೋಟೋ ಇಲ್ಲದೆ ಪರೀಕ್ಷೆಯವರೆಗೆ ಹೋಗುತ್ತಲೇ ಇರಲಿಲ್ಲ. ಆದೇಶ ಬಂದ ದಿನ ಅಪ್ಪ ಮಾರುಕಟ್ಟೆಯ ಹಮಾಲರಿಗೆಲ್ಲ ಚಹಾ ಕುಡಿಸಿದ. "ನನ್ನ ಮಗಳು ಕುಂತಲ್ಲೇ ಕೆಲಸ ತಂದಾಳ," ಎಂದು ಎಲ್ಲರಿಗೂ ಹೇಳಿದ. ಕೆಲಸ ಸಿಕ್ಕ ಸುದ್ದಿಯನ್ನು ಶರಣಮ್ಮನಿಗೂ ಕಳಿಸಿದ್ದೆ; ಆ ಚಹಾದ ಹೊತ್ತಿಗೇ ಆಕೆಯ ಫೋನು ಬಂತು.

ಹೊಸ ಲೈನ್ ಬಂದ ಮೇಲೆ ಆಕೆ ಹಾಕಿದ ಅರ್ಜಿಗೆ ಕಂಪನಿಯಿಂದ ಉತ್ತರ ಬಂದಿತ್ತು: ನೀವು ಕಳಿಸಿದ ಕೋಣೆ, ಗೋಡೆಯ ಕೌದಿ ಸಮೇತ, ಈಗಾಗಲೇ ಬೇರೆ ಅಭ್ಯರ್ಥಿಯ ಅರ್ಜಿಯಲ್ಲಿದೆ, ಸುಳ್ಳು ಮಾಹಿತಿ ಕೊಟ್ಟದ್ದರಿಂದ ಇನ್ನು ಮುಂದೆ ನಿಮ್ಮ ಅರ್ಜಿ ಪರಿಗಣಿಸುವುದಿಲ್ಲ.

ಆ ಕೋಣೆ ನೋಡಲು ಅರ್ಧ ಸುರಪುರವೇ ಬಂದು ಹೋಗಿತ್ತು. ಓಣಿಯ ಹುಡುಗಿಯರು ಆ ಬಸ್ಸಿನ ಸೀಟಿನ ಮೇಲೆ ಕೂತು ಸೆಲ್ಫಿ ತೆಗೆದುಕೊಂಡಿದ್ದರು. ಒಬ್ಬೊಬ್ಬರನ್ನೇ ಕೇಳುತ್ತ ಬಂದಿದ್ದಳು ಶರಣಮ್ಮ. ದನಿಯಲ್ಲಿ ಎಂದಿನ ಬೈಗುಳ ಇರಲಿಲ್ಲ.

"ಸುಜ್ಜಿ, ನಿನ್ನ ಫೋನಿನಿಂದ ಆ ಫೋಟೋ ಎಲ್ಲಿಗಾದ್ರೂ ಹೋಗ್ಯಾದೇನು?"

"ಇಲ್ಲಲೇ. ನಾ ಯಾರಿಗೂ ಕಳಿಸಿಲ್ಲ."

"ಮತ್ತ ನಿನ್ನ ಅರ್ಜಿಗೆ?"

"ಯಾದಗಿರಿಯಾಗ ನಮ್ಮ ಮಾವನ ಮನಿ ಕೋಣಿದು ಹಾಕೀನಿ."

"ಹೋಗ್ಲಿ ಬಿಡು. ನಿನಗಾದ್ರೂ ಸಿಕ್ತಲ್ಲ," ಅಂದಳು. ಯಾದಗಿರಿಯಲ್ಲಿ ನನಗೆ ಮಾವನೇ ಇಲ್ಲ. ಮೂರು ವರ್ಷ ಪಕ್ಕದ ಮಂಚದಲ್ಲಿ ಮಲಗಿದ ಆಕೆಗೆ ಅದು ಗೊತ್ತಿರಲಿಲ್ಲವೇ —

ಕೆಲಸಕ್ಕೆ ಸೇರುವ ಮೊದಲು ಶಹಾಪುರದಲ್ಲೇ ಒಂದು ಮೇಲ್ಮಹಡಿ ಕೋಣೆ ಬಾಡಿಗೆಗೆ ಹಿಡಿದೆ. ಕಿಟಕಿಯಿಂದ, ಬುದ್ಧ ಮಲಗಿದಂತೆ ಕಾಣುವ ನಮ್ಮೂರ ಗುಡ್ಡ ಕಾಣುತ್ತದೆ. ಅದನ್ನು ಕೆಲಸಕ್ಕೆ ಸಜ್ಜು ಮಾಡಲು ಯಾರು ಬಂದರು ಅನ್ನುತ್ತೀರಿ? ಸುರಪುರದ ಬಸ್ಸಿನಿಂದ ಶರಣಮ್ಮ ಇಳಿದಳು, ಕೈಯಲ್ಲಿ ಒಂದು ಗೊಬ್ಬರದ ಚೀಲ. ಮೇಜಿನ ಎತ್ತರ, ಬೆಳಕು ಮುಖಕ್ಕೆ ಬೀಳುವ ಹಾಗೆ ಕೂರುವ ಜಾಗ, ವೈರು, ಸಾಫ್ಟ್‌ವೇರು — ಎಲ್ಲ ಆಕೆಯ ಕೈಯಿಂದಲೇ ಆಯಿತು. ಪಾಸ್‌ವರ್ಡ್ ಹಾಕುವಾಗ ಆಚೆ ಮುಖ ಮಾಡಿ ನಿಂತಳು. "ನನಗೂ ತೋರಸಬ್ಯಾಡ. ನಿಮ್ಮವ್ವಗೂ ಹೇಳಬ್ಯಾಡ," ಅಂದಳು. ಕೊನೆಗೆ ಚೀಲದಿಂದ ಕೌದಿ ತೆಗೆದಳು.

"ಏ, ಅಜ್ಜಿದು ಅದು. ಬ್ಯಾಡ," ಅಂದೆ.

"ನನ್ನ ಗೋಡಿಗಿನ್ನೇನು ಕೆಲಸ? ನಿನ್ನ ಗೋಡಿಗೆ ಇರ್ಲಿ."

ಮೊಳೆ ಹೊಡೆದು ಬಿಗಿದಳು. ನನ್ನ ಹೆಡ್‌ಸೆಟ್ಟನ್ನು ನೀಲಿ ಜೇಬಿಗೆ ಇಳಿಬಿಟ್ಟಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಒಂದು ಫೋಟೋ ತೆಗೆದು, ಅದನ್ನೇ ಬಹಳ ಹೊತ್ತು ನೋಡಿದಳು. "ಹಾಂ, ಹಿಂಗಿರಬೇಕು," ಅಂದಳು. ಗೊತ್ತಿದ್ದೇ ಅಂದಳೇ? ಕೇಳುವ ಧೈರ್ಯ ಆಗಲಿಲ್ಲ.

ಮೊದಲ ದಿನದ ವಿಡಿಯೋ ಮೀಟಿಂಗಿನಲ್ಲಿ ಮೇಲ್ವಿಚಾರಕಿ ಮೇಡಂ ನನ್ನ ಹಿಂದಿನ ಗೋಡೆ ನೋಡಿ, "ಫೋಟೋದಲ್ಲಿದ್ದ ಕೌದಿ! ಎಷ್ಟು ಚೆಂದ ಇದೆ, ಯಾರು ಹೊಲಿದದ್ದು?" ಎಂದರು. ನನ್ನ ಸುಳ್ಳಿನಲ್ಲಿ ಒಂದು ತೂತು ಉಳಿದಿತ್ತು, ಶರಣಮ್ಮನ ಕೌದಿಯೇ ಬಂದು ಅದನ್ನೂ ಮುಚ್ಚಿತು. "ನಮ್ಮ ಅಜ್ಜಿ," ಅಂದೆ. ನನ್ನ ಅಜ್ಜಿಗೆ ಸೂಜಿಗೆ ದಾರ ಪೋಣಿಸಲೂ ಕಣ್ಣು ಕಾಣುತ್ತಿರಲಿಲ್ಲ.

ಆ ಕೋಣೆಯಿಂದ ದುಡಿದು ತಮ್ಮನನ್ನು ಓದಿಸಿದೆ, ಅಪ್ಪನ ಬೆನ್ನಿನಿಂದ ಚೀಲ ಇಳಿಸಿದೆ. ಒಳ್ಳೆಯ ಕೆಲಸಗಾರ್ತಿ ಎಂಬ ಹೆಸರೂ ಬಂತು. ಶರಣಮ್ಮ ಸುರಪುರದಲ್ಲಿ ಅರ್ಜಿ ತುಂಬಿಕೊಡುವ ಒಂದು ಅಂಗಡಿಯಲ್ಲಿ ಕೂರುತ್ತಾಳೆ. ಸುತ್ತಲ ಊರುಗಳಲ್ಲಿ ಯಾರಿಗೆ ಮನೆಯಿಂದ ಮಾಡುವ ಕೆಲಸ ಸಿಕ್ಕರೂ ಕೋಣೆ ಸಜ್ಜು ಮಾಡಲು ಆಕೆಯನ್ನೇ ಕರೆಯುತ್ತಾರೆ. ದನದ ಕೊಟ್ಟಿಗೆಯ ಮೂಲೆಯನ್ನೂ ಆಫೀಸು ಮಾಡಿಕೊಟ್ಟಿದ್ದಾಳೆ. ಎಷ್ಟೋ ಹುಡುಗ ಹುಡುಗಿಯರು ಆಕೆ ಮಾಡಿದ ಮೇಜಿನ ಮುಂದೆ ಕೂತು ಸಂಬಳ ಎಣಿಸುತ್ತಾರೆ. ಆಕೆ ಮಾತ್ರ ಮತ್ತೆಲ್ಲೂ ಅರ್ಜಿ ಹಾಕಲಿಲ್ಲ.

ಹೋದ ವಾರ ಮೇಡಂ ಒಂದು ಕೆಲಸ ಹೇಳಿದರು. ನಮ್ಮ ಜಿಲ್ಲೆಯಿಂದ ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆ, ಮನೆಯಲ್ಲಿ ಕೂತು ಕೆಲಸ ಮಾಡಲು ಏನೇನು ಸಾಮಾನು, ಯಾವ್ಯಾವ ಸಾಫ್ಟ್‌ವೇರು ಬೇಕು ಎಂದು ನಿಮ್ಮ ಅನುಭವದಿಂದ ಬರೆದುಕೊಡಿ ಅಂದರು. ಬರೆಯಲು ಕೂತೆ. ಬೆನ್ನಿಗೆ ಆಸರೆ ಕೊಡುವ ಕುರ್ಚಿ ಎಂದು ಬರೆದೆ, ಬಸ್ಸಿನ ಸೀಟು ಕಣ್ಣ ಮುಂದೆ ಬಂತು. ಕರೆಂಟು ಹೋದಾಗ ರೂಟರಿಗೆ ಬ್ಯಾಟರಿ ಎಂದು ಬರೆದೆ, ಕಾಕಾನ ಪಂಪು. ನನ್ನ ಅನುಭವ ಎಂದು ಬರೆದ ಒಂದೊಂದು ಸಾಲೂ ಶರಣಮ್ಮನ ತಲೆಯಿಂದ ಬಂದದ್ದು. ಬರೆಯುವುದು ಬಿಟ್ಟು ಆಕೆಗೆ ಫೋನು ಮಾಡಿದೆ. ಮತ್ತೆ ಕರೆದಿದ್ದಾರೆ, ಅರ್ಜಿ ಹಾಕು ಅಂದೆ.

"ಬ್ಯಾಡ ಬಿಡಲೇ," ಅಂದಳು. "ಅಲ್ಲಿ ನನ್ನ ಹೆಸರಿನ ಮುಂದ ಸುಳ್ಳಿ ಅಂತ ಬರದಿಟ್ಟಾರ. ಮತ್ತೊಮ್ಮಿ ಯಾಕ ಅನ್ನಿಸ್ಕೊಳ್ಳಲಿ? ಅಪ್ಪ ಆವತ್ತು ಊಟ ಬಿಟ್ಟಿದ್ದ, ಗೊತ್ತದ ನಿನಗ?"

ನನಗೆ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ನಮ್ಮಪ್ಪ ಇಡೀ ಮಾರುಕಟ್ಟೆಗೆ ಚಹಾ ಕುಡಿಸುತ್ತಿದ್ದ.

ಇವತ್ತು ಬೆಳಿಗ್ಗೆ ಮೇಡಂಗೆ ಬರೆದು ಕಳಿಸಿದೆ. ನನ್ನ ಅರ್ಜಿಯಲ್ಲಿದ್ದ ಕೋಣೆ ಶರಣಮ್ಮನದು, ಕೌದಿ ಆಕೆಯ ಅಜ್ಜಿಯದು, ಆಕೆ ಒಂದಕ್ಷರ ಸುಳ್ಳು ಹೇಳಿಲ್ಲ, ಸುಳ್ಳು ಹೇಳಿದವಳು ನಾನು. ಆಕೆಯ ಹೆಸರಿನ ಮುಂದಿರುವುದನ್ನು ಅಳಿಸಿ, ನನ್ನ ಹೆಸರಿನ ಮುಂದೆ ಬರೆಯಿರಿ ಎಂದು. ಇನ್ನೂ ಉತ್ತರ ಬಂದಿಲ್ಲ. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ತಗಡಿನ ಮನೆ, ಗಿರಣಿಯ ಸದ್ದು, ಅಪ್ಪನ ಬೆನ್ನು — ಇವನ್ನೆಲ್ಲ ಆ ಪತ್ರದಲ್ಲಿ ಬರೆಯಲಿಲ್ಲ. ಶರಣಮ್ಮನ ಅಪ್ಪನಿಗೂ ಬೆನ್ನಿದೆ.

ಕೌದಿ ಕೆಳಗಿಳಿಸಿದ್ದೇನೆ. ಗೋಡೆಯಲ್ಲಿ ಮೊಳೆಗಳಷ್ಟೇ ಇವೆ, ಒಂದು ಮಾತಾಡಿದರೂ ಕೋಣೆ ಗಣಗಣ ಅನ್ನುತ್ತದೆ. ನೀಲಿ ಜೇಬಿನಿಂದ ನನ್ನ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟೆ. ಕೌದಿಯನ್ನು ಮಡಚಿ ಚೀಲಕ್ಕೆ ತುಂಬಿದೆ. ಸುರಪುರದ ಬಸ್ಸಿಗೆ ಇನ್ನೂ ಹೊತ್ತಿದೆ.

ಆಕೆ ಬೈದರೆ ನಿಂತು ಕೇಳಿಸಿಕೊಳ್ಳುತ್ತೇನೆ. ಮಾತಾಡದೆ ಬಾಗಿಲು ಹಾಕಿಕೊಂಡರೆ ಕೌದಿಯನ್ನು ಆಕೆಯ ಅವ್ವನ ಕೈಗೆ ಕೊಡುತ್ತೇನೆ. ಇಷ್ಟು ದಿನದ ಮೇಲೆ ಇದನ್ನು ಯಾಕೆ ತಂದೆ ಎಂದು ಅವ್ವ ಕೇಳುತ್ತಾಳೆ. ಆಕೆಗೂ, ಅಂಗಳದಲ್ಲಿ ಕೂತಿರುವ ಕಾಕಾನಿಗೂ, ಹೇಳಿಯೇ ಬರುತ್ತೇನೆ.